ಹಾರ್ಟ್ ಅಟ್ಯಾಕ್ ಆದ ಮೂರನೇ ದಿನ ನಾನು ಸ್ಟೆತ್ ಇಡುವ ಜಾಗ

ಹಾರ್ಟ್ ಅಟ್ಯಾಕ್ ಅಂದರೆ ಎಲ್ಲರಿಗೂ ನೆನಪಾಗುವುದು ಬ್ಲಾಕು, ಸ್ಟೆಂಟು. ರಕ್ತ ಸಿಗದೆ ಸತ್ತ ಸ್ನಾಯುವಿನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಮುಂದಿನ ಕೆಲವು ದಿನ ಅದು ಮೆತ್ತಗಾಗುತ್ತಾ ಹೋಗುತ್ತದೆ. ಗಾಯ ಗಟ್ಟಿಯಾಗಿ ಕೂರಲು ವಾರಗಳು ಬೇಕು. ಈ ನಡುವೆ ಅಪರೂಪಕ್ಕೆ ಅದು ಹರಿದುಹೋಗುತ್ತದೆ. ಎಡ ಬಲ ಕೆಳಕೋಣೆಗಳ ನಡುವಿನ ಗೋಡೆ ತೂತಾಗಬಹುದು, ಎಡಗಡೆಯ ಮೇಲುಕೋಣೆ, ಕೆಳಕೋಣೆಗಳ ನಡುವಿನ ಮೈಟ್ರಲ್ ಕವಾಟವನ್ನು ಹಿಡಿದಿರುವ ಸ್ನಾಯು ತುಂಡಾಗಬಹುದು, ಇಲ್ಲವೇ ಹೃದಯದ ಹೊರಗೋಡೆಯೇ ಒಡೆಯಬಹುದು. ಹೊರಗೋಡೆ ಪೂರ್ತಿ ಒಡೆದರೆ ನಮಗೆ ಸಮಯವೇ ಸಿಗುವುದಿಲ್ಲ, ನಿಮಿಷಗಳಲ್ಲಿ ಮುಗಿಯುತ್ತದೆ. ಹಾಗಾಗಿ ನಾನಿಲ್ಲಿ ಬರೆಯುತ್ತಿರುವುದು ಜಾಸ್ತಿ ಮೊದಲಿನ ಎರಡರ ಬಗ್ಗೆ.

ನಾನು ಶಿವಮೊಗ್ಗದಲ್ಲಿ ಕಾರ್ಡಿಯಾಲಜಿಸ್ಟ್. ನಮ್ಮಲ್ಲಿ ಆಂಜಿಯೋ, ಸ್ಟೆಂಟ್ ಮಾಡುವ ಕ್ಯಾಥ್ ಲ್ಯಾಬ್ ಇದೆ, ಹಾರ್ಟ್ ಸರ್ಜನ್ ಇಲ್ಲ. ಕ್ಲಾಟ್ ಕರಗಿಸುವ ಇಂಜೆಕ್ಷನ್ ಬರುವ ಮೊದಲು ನಡುಗೋಡೆ ತೂತಾಗುವುದು ನೂರಕ್ಕೆ 1–2 ಜನರಲ್ಲಿ ಕಾಣುತ್ತಿತ್ತು. ಈಗ ಸಾವಿರಕ್ಕೆ 2–3 ಅಷ್ಟೆ. ಆದರೆ ಈ ಲೆಕ್ಕ ಬೇಗ ಆಸ್ಪತ್ರೆ ಸೇರಿದವರದ್ದು. ಮಲೆನಾಡಿನಲ್ಲಿ ತಡವಾಗಿ ಬರುವವರು ಇನ್ನೂ ಇದ್ದಾರೆ. ಅಡಿಕೆ ಕೊಯ್ಲಿಗೆ ಮರ ಹತ್ತುವ ಕೊನೆಗಾರ ಸಿಕ್ಕ ದಿನ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ, ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದಿರುತ್ತದೆ, ಎದೆ ಉರಿದರೆ ಗ್ಯಾಸ್ಟ್ರಿಕ್ ಅಂತ ಓಂಕಾಳಿನ ಕಷಾಯ ಕುಡಿದು ಮಲಗುತ್ತಾರೆ. ವಯಸ್ಸಾದವರು, ಹೆಂಗಸರು, ಮೊದಲ ಸಲ ಅಟ್ಯಾಕ್ ಆದವರು, ತಡವಾಗಿ ಬಂದವರು, ಹರಿಯುವ ಅಪಾಯ ಜಾಸ್ತಿ ಇರುವುದು ಇವರಿಗೇ. ಮೊದಲ ಸಲದವರಿಗೆ ಯಾಕೆ ಅಂದರೆ, ವರ್ಷಗಟ್ಟಲೆ ಎದೆನೋವು ಇದ್ದವರ ಹೃದಯ ಅಕ್ಕಪಕ್ಕದಿಂದ ಸಣ್ಣ ನಾಳಗಳನ್ನು ಬೆಳೆಸಿಕೊಂಡಿರುತ್ತದೆ. ಇವರಿಗೆ ಅದಿರುವುದಿಲ್ಲ.

ನನ್ನದೊಂದು ಅಭ್ಯಾಸ ಇದೆ. ಐಸಿಯು ರೌಂಡ್ಸ್‌ನಲ್ಲಿ ಅಟ್ಯಾಕ್ ಆದ ಪ್ರತಿಯೊಬ್ಬರ ಎದೆಮೂಳೆಯ ಎಡ ಅಂಚಿನ ಕೆಳಭಾಗಕ್ಕೆ ಮೊದಲು ಅಂಗೈ ಇಡುತ್ತೇನೆ, ಆಮೇಲೆ ಸ್ಟೆತ್. ಅಲ್ಲಿಂದ ಹೃದಯದ ತುದಿಗೆ, ಕಂಕುಳಿನ ಕಡೆಗೆ. ಎದೆಬಡಿತದ ನಡುವೆ ಬೇರೆ ಸದ್ದು (ಮರ್ಮರ್) ಏನೂ ಕೇಳದಿದ್ದರೆ ‘ಮರ್ಮರ್ ಇಲ್ಲ’ ಅಂತ ಕೇಸ್ ಶೀಟಿನಲ್ಲಿ ದಿನಾ ಬರೆಸುತ್ತೇನೆ. ಜೂನಿಯರ್‌ಗಳಿಗೆ ಇದು ಸುಮ್ನೆ ಬರವಣಿಗೆ ಅನ್ನಿಸುತ್ತದೆ. ಆದರೆ ನಿನ್ನೆ ಇರಲಿಲ್ಲ ಅಂತ ಬರೆದಿಟ್ಟಿದ್ದರೆ ತಾನೇ ಇವತ್ತು ಕೇಳಿದ್ದು ಹೊಸದು ಅಂತ ಧೈರ್ಯವಾಗಿ ಹೇಳಲು ಆಗುವುದು?

ಹೊಸನಗರ ಕಡೆಯ ಒಬ್ಬ ಅಜ್ಜಿ. ನೋವು ಶುರುವಾಗಿ ಒಂದು ದಿನ ಕಳೆದ ಮೇಲೆ ಬಂದವರು, ಹೃದಯದ ಮುಂಭಾಗದ ಅಟ್ಯಾಕ್. ನೋವು ನಿಂತಿತ್ತು, ಅಷ್ಟು ಹೊತ್ತಿನ ಮೇಲೆ ಕ್ಲಾಟ್ ಕರಗಿಸುವ ಇಂಜೆಕ್ಷನ್ ಕೊಟ್ಟರೆ ಲಾಭಕ್ಕಿಂತ ಅಪಾಯವೇ ಹೆಚ್ಚು, ಕೊಡಲಿಲ್ಲ. ಎರಡು ದಿನ ಚೆನ್ನಾಗಿದ್ದರು. ಮೂರನೇ ದಿನ ಬೆಳಿಗ್ಗೆ ಬಿಪಿ 80ಕ್ಕೆ ಇಳಿಯಿತು, ಕೈಕಾಲು ತಣ್ಣಗೆ. ಅಂಗೈ ಇಟ್ಟರೆ ಎದೆ ನಡುಗುತ್ತಿತ್ತು. ಸ್ಟೆತ್‌ನಲ್ಲಿ ಒರಟು, ಉದ್ದ ಸದ್ದು. ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ, ರಕ್ತದ ಹರಿವು ತೋರಿಸುವ ಕಲರ್ ಹಾಕಿದ ಕೂಡಲೇ ತುದಿಯ ಹತ್ತಿರ ಎಡದಿಂದ ಬಲಕ್ಕೆ ರಕ್ತ ಚಿಮ್ಮುವುದು ಕಂಡಿತು.

ಇಲ್ಲಿ ಕೈ ಕಟ್ಟಿ ಹಾಕುವ ವಿಷಯ ಒಂದಿದೆ. ಬಿಪಿ ಬಿದ್ದಿದೆ ಅಂತ, ಅದನ್ನು ಎತ್ತುವ ಔಷಧಿ ನಾರ್‌ಅಡ್ರಿನಲಿನ್ ಏರಿಸುತ್ತಾ ಹೋದರೆ ರಕ್ತನಾಳಗಳು ಬಿಗಿಯುತ್ತವೆ, ಮುಂದೆ ಹೋಗಬೇಕಾದ ರಕ್ತಕ್ಕೆ ತಡೆ ಜಾಸ್ತಿಯಾಗಿ ಅದು ಸುಲಭವಾದ ದಾರಿ ಹಿಡಿಯುತ್ತದೆ, ಅಂದರೆ ತೂತಿನಲ್ಲೇ ನುಗ್ಗುತ್ತದೆ. ನಾಳ ಸಡಿಲಿಸುವ ಔಷಧಿ ಕೊಡೋಣ ಅಂದರೆ ಬಿಪಿ ಇಲ್ಲ. ಆದ್ದರಿಂದ ತೊಡೆಯ ನಾಳದಿಂದ ತೂರಿಸಿ ಮಹಾಪಧಮನಿಯಲ್ಲಿ ಬಲೂನ್ ಪಂಪ್ ಹಾಕಿದೆ. ಹೃದಯ ಹಿಂಡುವಾಗ ಬಲೂನು ಕುಗ್ಗುತ್ತದೆ, ತಡೆ ಕಡಿಮೆಯಾಗುತ್ತದೆ. ನಾರ್‌ಅಡ್ರಿನಲಿನ್ ಎಷ್ಟು ಕಡಿಮೆ ಸಾಕೋ ಅಷ್ಟಕ್ಕೆ ಇಳಿಸಿದೆ.

ಮಗ ಹೊರಗೆ ಕಾಯುತ್ತಿದ್ದ. “ಡಾಕ್ಟ್ರೇ, ನಿನ್ನೆ ರಾತ್ರಿ ಗಂಜಿ ಕುಡಿದ್ರಲ್ಲ ಅಮ್ಮ. ಸ್ಟೆಂಟ್ ಹಾಕಿದ್ರೆ ತೂತು ಮುಚ್ಚಲ್ವಾ?” ಅಂದ. ಇಸಿಜಿ ಕಾಗದದ ಹಿಂದೆ ಹೃದಯದ ಚಿತ್ರ ಬರೆದೆ. ಸ್ಟೆಂಟ್ ನಾಳಕ್ಕಪ್ಪ, ಇದು ಗೋಡೆ, ಇದನ್ನು ಆಪರೇಷನ್ ಮಾಡಿಯೇ ಮುಚ್ಚಬೇಕು, ಅದು ಇಲ್ಲಿ ಆಗುವುದಿಲ್ಲ ಅಂದೆ. ಬದುಕುವ ಸಾಧ್ಯತೆ ಕಡಿಮೆ ಅಂತಲೂ ಅಲ್ಲೇ ಹೇಳಿದೆ. ಬೆಂಗಳೂರಿನವರೆಗೆ ಸುಮಾರು 300 ಕಿಲೋಮೀಟರ್ ಹೋಗಿ ಅಲ್ಲಿ ಈ ಮಾತು ಮೊದಲ ಸಲ ಕೇಳುವುದು ಬಹಳ ಕ್ರೂರ.

ಯಾವಾಗ ಆಪರೇಷನ್ ಅನ್ನುವುದರಲ್ಲೇ ಸರ್ಜನ್‌ಗಳಿಗೆ ಜಗ್ಗಾಟ. ಮೊದಲ ದಿನಗಳಲ್ಲಿ ಆ ಸ್ನಾಯುವಿಗೆ ಹೊಲಿಗೆ ಹಾಕುವುದು ಬೆಂದ ಕೆಸುವಿನ ಗೆಡ್ಡೆಗೆ ದಾರ ಪೋಣಿಸಿದ ಹಾಗೆ, ಎಳೆದರೆ ಕಿತ್ತು ಬರುತ್ತದೆ. 2012ರಲ್ಲಿ ಅಮೆರಿಕದ ಎದೆ ಶಸ್ತ್ರಚಿಕಿತ್ಸಕರ ಸಂಘದ ದಾಖಲೆಯಿಂದ 2,876 ರೋಗಿಗಳ ಲೆಕ್ಕ ಹೊರಬಂತು. ಏಳು ದಿನದೊಳಗೆ ಆಪರೇಷನ್ ಆದವರಲ್ಲಿ ನೂರಕ್ಕೆ 54 ಜನ ತೀರಿಕೊಂಡಿದ್ದರು, ಆಮೇಲೆ ಆದವರಲ್ಲಿ 18. ಹಾಗಾದರೆ ಕಾಯುವುದೇ ಸರಿ ಅಂತ ಕುಣಿಯಬೇಡಿ. ಕಾದು ಉಳಿದವರು ಮೊದಲೇ ಗಟ್ಟಿ ಇದ್ದವರು, ಕಾಯುತ್ತಲೇ ತೀರಿಕೊಂಡವರು ಈ ಲೆಕ್ಕದಲ್ಲೇ ಇಲ್ಲ. ಅಜ್ಜಿಯ ವಿಷಯದಲ್ಲಿ ಬೆಂಗಳೂರಿನ ಸರ್ಜನ್‌ಗಳು ಕೆಲವು ದಿನ ಕಾಯೋಣ ಅಂದರು. ಕಿಡ್ನಿ ಕೈಕೊಟ್ಟಿತು, ಆಪರೇಷನ್ ಟೇಬಲ್ ತನಕ ಅವರು ತಲುಪಲಿಲ್ಲ. ಆ ಸರ್ಜನ್‌ಗಳ ಜಾಗದಲ್ಲಿ ನಾನಿದ್ದರೂ ಕಾಯೋಣ ಅಂತಲೇ ಹೇಳುತ್ತಿದ್ದೆನೇನೋ.

ಕವಾಟದ ಸ್ನಾಯು ತುಂಡಾಗುವುದು ಬೇರೆಯೇ ಥರ ಮೋಸ ಮಾಡುತ್ತದೆ. ಕವಾಟವನ್ನು ಹಿಡಿದಿರುವ ಸ್ನಾಯುಗಳು ಎರಡು. ಮುಂದಿನದಕ್ಕೆ ಎರಡು ನಾಳಗಳಿಂದ ರಕ್ತ ಬರುತ್ತದೆ, ಹಿಂದಿನದಕ್ಕೆ ಸಾಮಾನ್ಯವಾಗಿ ಒಂದೇ. ಅದಕ್ಕೇ ಹೃದಯದ ಕೆಳಭಾಗದ ‘ಸಣ್ಣ’ ಅಟ್ಯಾಕಿನಲ್ಲೂ ಹಿಂದಿನದು ಹರಿಯುತ್ತದೆ. ಅಂಥ ಅಟ್ಯಾಕ್ ಆಗಿದ್ದ, ಕೊಪ್ಪ ಕಡೆಯ, ಐವತ್ತು ದಾಟಿದ ಒಬ್ಬರು ಸಂಜೆ ಕೂತು ಕಾಫಿ ಕುಡಿಯುತ್ತಿದ್ದವರು ಇದ್ದಕ್ಕಿದ್ದಂತೆ ಉಸಿರು ಸಿಗದೆ ಒದ್ದಾಡಿದರು, ಬಾಯಲ್ಲಿ ಗುಲಾಬಿ ನೊರೆ. ಮರ್ಮರ್ ಕೇಳಿಸಿತೋ ಇಲ್ಲವೋ ಅನ್ನುವಷ್ಟು. ಕವಾಟ ಪೂರ್ತಿ ಬಿಟ್ಟುಕೊಂಡರೆ ಎರಡೂ ಕೋಣೆಯ ಒತ್ತಡ ಬೇಗ ಸಮವಾಗಿ ಸದ್ದೇ ಅಡಗುತ್ತದೆ. ಎಕೋ ಹಾಕಿದರೆ ಎಡಕೋಣೆ ಜೋರಾಗಿ ಹಿಂಡುತ್ತಿದೆ. ಶ್ವಾಸಕೋಶದ ತುಂಬಾ ನೀರು, ಬಿಪಿ ಇಲ್ಲ, ಆದರೆ ಹೃದಯ ಚೆನ್ನಾಗಿ ಹಿಂಡುತ್ತಿದೆ ಅಂದರೆ ನಾನು ಮೊದಲು ನೋಡುವುದು ಕವಾಟವನ್ನೇ. ಅದರ ಪದರ, ತುಂಡಾದ ಸ್ನಾಯುವಿನ ಸಮೇತ, ಮೇಲುಕೋಣೆಗೆ ಮಗುಚಿ ಬೀಳುತ್ತಿತ್ತು. ಇದರಲ್ಲಿ ಕಾಯುವ ಮಾತೇ ಇಲ್ಲ. ವೆಂಟಿಲೇಟರ್, ಬಲೂನ್ ಪಂಪ್, ಹೊರಡುವುದು.

ದಾರಿ ಆರಿಸುವುದೂ ಚಿಕಿತ್ಸೆಯ ಭಾಗ. ಮಣಿಪಾಲ ಹತ್ತಿರ, ಆದರೆ ಆಗುಂಬೆ ಘಾಟಿಯ ತಿರುವುಗಳಿವೆ. ಮಳೆಗಾಲವಾಗಿದ್ದರೆ ಬೆಂಗಳೂರೇ ಅನ್ನುತ್ತಿದ್ದೆ, ಆಗ ಡಿಸೆಂಬರ್, ಘಾಟಿ ಇಳಿಸಿದೆವು. ಅದೇ ರಾತ್ರಿ ಕವಾಟ ಬದಲಾಯಿಸಿದರು. ಈಗ ತೋಟದ ಕೆಲಸ ನೋಡಿಕೊಂಡಿದ್ದಾರೆ, ರಕ್ತ ತೆಳು ಮಾಡುವ ಮಾತ್ರೆಯ ಟೆಸ್ಟಿಗೆ ಬರುವುದನ್ನು ಮಾತ್ರ ಪದೇ ಪದೇ ಮುಂದೂಡುತ್ತಾರೆ.

ಕಳಿಸುವಾಗ ಬಲೂನ್ ಪಂಪಿನ ಬ್ಯಾಟರಿ, ಬಲೂನು ಉಬ್ಬಿಸುವ ಹೀಲಿಯಂ, ಆಕ್ಸಿಜನ್ ಸಿಲಿಂಡರ್ ನಾನೇ ನೋಡುತ್ತೇನೆ. ಸಿಸ್ಟರ್ ಒಬ್ಬರು ಜೊತೆಗೆ ಹೋಗುತ್ತಾರೆ. ತೀರ್ಥಹಳ್ಳಿ ದಾಟಿದ ಮೇಲೆ ಕಾಡಿನಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಹಾಗಾಗಿ ಎಕೋ, ಆಂಜಿಯೋ ವಿಡಿಯೋ, ಬ್ಲಡ್ ಗ್ರೂಪ್ ಎಲ್ಲ ಆಂಬುಲೆನ್ಸ್ ಗೇಟು ದಾಟುವ ಮೊದಲೇ ವಾಟ್ಸಾಪ್‌ನಲ್ಲಿ ಸರ್ಜನ್‌ಗೆ ಹೋಗಿರುತ್ತದೆ. ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್ ಮಾತ್ರೆಯ ಕೊನೆಯ ಡೋಸ್ ಎಷ್ಟು ಗಂಟೆಗೆ ಕೊಟ್ಟೆವು ಅಂತಲೂ ಬರೆಯುತ್ತೇನೆ, ರಕ್ತಸ್ರಾವದ ಲೆಕ್ಕ ಹಾಕಲು ಅವರು ಮೊದಲು ಕೇಳುವುದು ಅದನ್ನೇ.