ಎಸ್‌ಜಿಪಿಟಿ ಹೆಚ್ಚಿದೆಯೇ? ಲಿವರ್ ರಿಪೋರ್ಟ್ ಓದುವ ಬಗೆ

ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ರಿಪೋರ್ಟ್‌ನಲ್ಲಿ ದಪ್ಪಕ್ಷರದಲ್ಲಿರುವ ಒಂದು ಸಂಖ್ಯೆಯನ್ನೇ ನೋಡಿ ಗಾಬರಿಯಾಗಬೇಡಿ. ಅದರ ಜೊತೆ ಬೇರೆ ಯಾವುದು ಏರಿದೆ, ಎಷ್ಟು ಪಟ್ಟು ಏರಿದೆ ಎಂಬುದೇ ಮುಖ್ಯ.

ಎಸ್‌ಜಿಪಿಟಿ (ಕೆಲವು ಲ್ಯಾಬ್‌ಗಳಲ್ಲಿ ಎಎಲ್‌ಟಿ) ಮತ್ತು ಎಸ್‌ಜಿಒಟಿ (ಎಎಸ್‌ಟಿ) ಲಿವರ್ ಕೋಶಗಳ ಒಳಗಿರುವ ಕಿಣ್ವಗಳು. ಕೋಶಕ್ಕೆ ಪೆಟ್ಟು ಬಿದ್ದರೆ ರಕ್ತಕ್ಕೆ ಸೋರುತ್ತವೆ. ಆಲ್ಕಲೈನ್ ಫಾಸ್ಫಟೇಸ್ (ಎಎಲ್‌ಪಿ) ಮತ್ತು ಜಿಜಿಟಿ ಎಂಬ ಇನ್ನೆರಡು ಕಿಣ್ವಗಳು ಒಟ್ಟಿಗೆ ಏರಿದ್ದರೆ ಪಿತ್ತನಾಳದ ಕಡೆ ನೋಡಬೇಕು. ಲಿವರ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆಯೇ ಎಂದು ಹೇಳುವುದು ಬಿಲಿರುಬಿನ್ (ಕಾಮಾಲೆಯ ಹಳದಿ ಬಣ್ಣದ ಅಂಶ), ಆಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನ್) ಮತ್ತು ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ). ಜನ ಎಸ್‌ಜಿಪಿಟಿಗೆ ಹೆದರಿ ಇವನ್ನು ನೋಡುವುದೇ ಇಲ್ಲ. ಆದರೆ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು) ಆದವರಲ್ಲೂ ಎಸ್‌ಜಿಪಿಟಿ ಮಾಮೂಲಿನಂತಿರಬಹುದು.

ಪಟ್ಟು ಲೆಕ್ಕ ಹಾಕುವುದು ಸುಲಭ: ನಿಮ್ಮ ಸಂಖ್ಯೆಯನ್ನು ಪಕ್ಕದಲ್ಲಿರುವ ಗರಿಷ್ಠ ಮಿತಿಯಿಂದ ಭಾಗಿಸಿ. ಎಸ್‌ಜಿಪಿಟಿ 240, ಮಿತಿ 40 ಆದರೆ 6 ಪಟ್ಟು. ಎಎಲ್‌ಪಿ 144, ಮಿತಿ 120 ಆದರೆ 1.2 ಪಟ್ಟು. ಈಗ 6 ಅನ್ನು 1.2ರಿಂದ ಭಾಗಿಸಿದರೆ 5. ಉತ್ತರ 5 ಅಥವಾ ಹೆಚ್ಚಿದ್ದರೆ ತೊಂದರೆ ಕೋಶದ್ದು, 2 ಅಥವಾ ಕಡಿಮೆ ಇದ್ದರೆ ಪಿತ್ತ ಹರಿಯುವ ದಾರಿಯದು, ನಡುವೆ ಬಂದರೆ ಎರಡೂ ಬೆರೆತದ್ದು.

ಎರಡು ಮೂರು ಪಟ್ಟಿನ ಏರಿಕೆಗೆ ತೀರಾ ಸಾಮಾನ್ಯ ಕಾರಣ ಫ್ಯಾಟಿ ಲಿವರ್. ಹೊಟ್ಟೆ ಬಂದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಮೊದಲು ಇದನ್ನೇ ಅನುಮಾನಿಸುತ್ತಾರೆ. ಎಸ್‌ಜಿಒಟಿಯು ಎಸ್‌ಜಿಪಿಟಿಯ ಎರಡು ಪಟ್ಟಿಗಿಂತ ಹೆಚ್ಚಿದ್ದು, ಜಿಜಿಟಿಯೂ ಏರಿದ್ದರೆ ವೈದ್ಯರು ಕುಡಿತದ ಬಗ್ಗೆ ಕೇಳುತ್ತಾರೆ. ಅಲ್ಲಿ ಸಂಕೋಚಪಟ್ಟರೆ ನಷ್ಟ ನಿಮಗೇ. ಎಸ್‌ಜಿಪಿಟಿ ಅಥವಾ ಎಸ್‌ಜಿಒಟಿ ಸಾವಿರ ದಾಟಿದ್ದರೆ ವೈರಲ್ ಹೆಪಟೈಟಿಸ್, ಪ್ಯಾರಾಸಿಟಮಾಲ್ ಮಿತಿಮೀರಿದ್ದು ಅಥವಾ ಲಿವರ್‌ಗೆ ರಕ್ತ ಪೂರೈಕೆ ಕುಸಿದದ್ದು, ಇವನ್ನು ಅಂದೇ ಪರಿಶೀಲಿಸಬೇಕು.

ಲಿವರ್‌ನದಲ್ಲದ ಏರಿಕೆಯೂ ಇದೆ. ಎಸ್‌ಜಿಒಟಿ ಸ್ನಾಯುವಿನಲ್ಲೂ ಇರುವುದರಿಂದ ಜಿಮ್‌ನಲ್ಲಿ ಭಾರ ಎತ್ತಿದ ಮೇಲೆ ಕೆಲವು ದಿನ ಹೆಚ್ಚು ತೋರಿಸುತ್ತದೆ. ಸಿಪಿಕೆ (ಸ್ನಾಯುವಿನ ಕಿಣ್ವ) ಪರೀಕ್ಷೆ ಮಾಡಿದರೆ ಗುಟ್ಟು ಬಯಲಾಗುತ್ತದೆ. ಬೆಳೆಯುವ ಮಕ್ಕಳಲ್ಲಿ, ತುಂಬು ಗರ್ಭಿಣಿಯರಲ್ಲಿ, ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾದವರಲ್ಲಿ ಎಎಲ್‌ಪಿ ಹೆಚ್ಚಿರುತ್ತದೆ. ಆಗ ಜಿಜಿಟಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಇಂಡೈರೆಕ್ಟ್ ಬಿಲಿರುಬಿನ್ ಮಾತ್ರ ತುಸು ಹೆಚ್ಚಿ, ಉಳಿದದ್ದೆಲ್ಲ ಸರಿಯಿದ್ದು, ರಕ್ತಹೀನತೆಯೂ ಇಲ್ಲದಿದ್ದರೆ ಬಹುತೇಕ ಅದು ನಿರುಪದ್ರವಿ ಗಿಲ್ಬರ್ಟ್ ಸಿಂಡ್ರೋಮ್.

ವೈದ್ಯರ ಬಳಿ ಹೋಗುವಾಗ ನುಂಗುತ್ತಿರುವುದನ್ನೆಲ್ಲ ಪಟ್ಟಿ ಮಾಡಿ: ಕ್ಷಯದ ಮಾತ್ರೆ, ಪ್ರೋಟೀನ್ ಪುಡಿ, ಮನೆಯ ಕಷಾಯ ಕೂಡ. 'ಗಿಡಮೂಲಿಕೆ ತಾನೇ' ಎಂದು ಬಿಟ್ಟುಬಿಡುವುದೇ ಹೆಚ್ಚು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಲಿವರ್ ಉರಿಯೂತವಾದದ್ದನ್ನು ಮುಂಬೈಯ ವೈದ್ಯರು ದಾಖಲಿಸಿದ್ದಾರೆ. ಆದರೆ ಕ್ಷಯದ ಮಾತ್ರೆಯನ್ನಾಗಲೀ ಕೊಲೆಸ್ಟ್ರಾಲ್ ಮಾತ್ರೆಯನ್ನಾಗಲೀ ರಿಪೋರ್ಟ್ ನೋಡಿ ನೀವೇ ನಿಲ್ಲಿಸಬೇಡಿ. ಕ್ಷಯದ ಮಾತ್ರೆ ತಿನ್ನುವಾಗ ವಾಂತಿಯೋ ಕಣ್ಣು ಹಳದಿಯೋ ಶುರುವಾದರೆ ಮುಂದಿನ ಡೋಸ್‌ಗೆ ಮೊದಲೇ ಆಸ್ಪತ್ರೆಗೆ ಕರೆ ಮಾಡಿ.

ಲಕ್ಷಣವಿಲ್ಲದ ಸಣ್ಣ ಏರಿಕೆಗೆ ಮದ್ಯ, ಬೇಡದ ಪುಡಿ-ಕಷಾಯ ಬಿಟ್ಟು, ಕೆಲವು ವಾರಗಳ ನಂತರ ಅದೇ ಲ್ಯಾಬ್‌ನಲ್ಲಿ ಮರುಪರೀಕ್ಷೆ ಮಾಡಿಸಿ; ಹಿಂದಿನ ವಾರ ಕಠಿಣ ವ್ಯಾಯಾಮ ಬೇಡ. ಆಗಲೂ ಇಳಿಯದಿದ್ದರೆ ಎಚ್‌ಬಿಎಸ್‌ಎಜಿ, ಆ್ಯಂಟಿ-ಎಚ್‌ಸಿವಿ (ಹೆಪಟೈಟಿಸ್ ಬಿ, ಸಿ ಪತ್ತೆಯ ರಕ್ತಪರೀಕ್ಷೆಗಳು), ಹೊಟ್ಟೆಯ ಸ್ಕ್ಯಾನಿಂಗ್ ಬೇಕಾಗುತ್ತವೆ. ಕಣ್ಣು ಹಳದಿ, ಮಂಪರು, ತಡೆಯದ ವಾಂತಿ, ಐಎನ್‌ಆರ್ 1.5 ಅಥವಾ ಹೆಚ್ಚು ಇದ್ದರೆ ಕಾಯಬೇಡಿ, ಕಾಮಾಲೆಗೆ ನಾಟಿ ಮದ್ದು ಹುಡುಕಿಕೊಂಡೂ ಹೋಗಬೇಡಿ.

ಫ್ಯಾಟಿ ಲಿವರ್ ಎಂದಾದರೆ ಲಿವರ್ ಗಟ್ಟಿಯಾಗಿದೆಯೇ ಎಂದು ಅಂದಾಜಿಸಲು ಫಿಬ್-4 ಲೆಕ್ಕವಿದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಅದನ್ನು ಪ್ಲೇಟ್‌ಲೆಟ್ (ಸಾವಿರಗಳಲ್ಲಿ) ಮತ್ತು ಎಸ್‌ಜಿಪಿಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಿ. ವಯಸ್ಸು 45, ಎಸ್‌ಜಿಒಟಿ 48, ಎಸ್‌ಜಿಪಿಟಿ 81, ಪ್ಲೇಟ್‌ಲೆಟ್ 2.4 ಲಕ್ಷ ಆದರೆ: 45×48 ಅನ್ನು 240×9ರಿಂದ ಭಾಗಿಸಿದಾಗ 1. ಉತ್ತರ 1.3ಕ್ಕಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 2.67 ದಾಟಿದರೆ ಲಿವರ್ ತಜ್ಞರನ್ನು ಕಾಣಬೇಕು, ನಡುವೆ ಬಂದರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಸ್ಕ್ಯಾನ್). 65 ದಾಟಿದವರಿಗೆ ಕೆಳಗಿನ ಗೆರೆ 2. ಡೆಂಗ್ಯೂ ಜ್ವರದ ಸಮಯದ ರಿಪೋರ್ಟ್‌ಗೆ ಈ ಲೆಕ್ಕ ಹಾಕಬೇಡಿ: ಆಗ ಪ್ಲೇಟ್‌ಲೆಟ್ ಇಳಿದು, ಎಸ್‌ಜಿಒಟಿ ಏರಿ, ಗಟ್ಟಿಯಾಗದ ಲಿವರ್ ಕೂಡ ಗಟ್ಟಿಯಾದಂತೆ ತೋರುತ್ತದೆ.