ಪತ್ತನಾಜೆಯಿಂದ ದೀಪಾವಳಿಯವರೆಗೆ: ನಿಂತ ವ್ಯಾನಿನ ಬ್ಯಾಟರಿಯನ್ನು ನಾನು ಉಳಿಸಿಕೊಂಡ ಬಗೆ

ನಮ್ಮ ಕಡೆ ಮೇ 24ರ ಆಸುಪಾಸಿನಲ್ಲಿ ಪತ್ತನಾಜೆ ಬಂತೆಂದರೆ ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅದಾಗಿ ಒಂದು ವಾರಕ್ಕೆ ಮೀನುಗಾರಿಕೆ ನಿಷೇಧ ಆರಂಭವಾಗಿ, ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಕಾಲ ಮಲ್ಪೆ ಬಂದರಿನಲ್ಲಿ ಯಾಂತ್ರಿಕ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಲ್ಲುತ್ತವೆ. ಉದ್ಯಾವರದ ನಮ್ಮ ಮನೆಯ ಹಿಂದಿನ ಶೀಟಿನ ಶೆಡ್ಡಿಗೆ ನನ್ನ ಕ್ಯಾಂಪರ್ ವ್ಯಾನ್ ಸೇರುವುದೂ ಅದೇ ದಿನಗಳಲ್ಲಿ. ವರ್ಷಕ್ಕೆ 4,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುವ ಈ ಉಡುಪಿ ಜಿಲ್ಲೆಯಲ್ಲಿ, ಘಾಟಿ ಹತ್ತಿ ಗಾಡಿಯಲ್ಲೇ ಮಲಗಿ ತಿರುಗಾಡುವ ಆಸೆಯನ್ನು ದೀಪಾವಳಿಯವರೆಗೆ ಕಟ್ಟಿಡುವುದೇ ಸರಿ. ಆದರೆ ಗಾಡಿ ನಿಂತರೂ ಅದರೊಳಗಿನ ಬ್ಯಾಟರಿಗಳಿಗೆ ರಜೆ ಇಲ್ಲವೆಂಬುದನ್ನು ನಾನು ಎರಡು ಮಳೆಗಾಲ ನಷ್ಟ ಅನುಭವಿಸಿ ಕಲಿಯಬೇಕಾಯಿತು.

ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಅನುಮತಿ ಪಡೆದು, ಒಳಗೆ ಮಂಚ, ಸಣ್ಣ ಫ್ರಿಜ್ಜು, ದೀಪ, ಫ್ಯಾನುಗಳನ್ನು ಜೋಡಿಸಿದ ಗಾಡಿ ಇದು. ಇದರಲ್ಲಿ ಎರಡು ಬ್ಯಾಟರಿಗಳಿವೆ. ಒಂದು ಎಂಜಿನ್ ಚಾಲೂ ಮಾಡುವ 80 ಆಂಪಿಯರ್-ಅವರ್ ಬ್ಯಾಟರಿ, ಅಂದರೆ ಗಂಟೆಗೆ ಒಂದು ಆಂಪಿಯರಿನಂತೆ ಎಳೆದರೆ ಸುಮಾರು 80 ಗಂಟೆ ಬರುವಂಥದ್ದು. ಇನ್ನೊಂದು ಒಳಗಿನ ಸೌಕರ್ಯಗಳಿಗೆಂದು ಮಂಚದ ಕೆಳಗೆ, ಹೊರಗೆ ಗಾಳಿ ಹೋಗುವ ಪೆಟ್ಟಿಗೆಯಲ್ಲಿ ಇಟ್ಟದ್ದು. ಆರಂಭದಲ್ಲಿ ಆ ಎರಡನೆಯದು ಮನೆಯ ಇನ್ವರ್ಟರಿಗೆ ಹಾಕುವಂಥ 150 ಆಂಪಿಯರ್-ಅವರಿನ ಟ್ಯೂಬ್ಯುಲರ್ ಬ್ಯಾಟರಿಯಾಗಿತ್ತು. ಎರಡೂ ಸೀಸ ಮತ್ತು ಗಂಧಕಾಮ್ಲದವು.

ಮೊದಲ ಮಳೆಗಾಲದಲ್ಲಿ ನಾನು ಮಾಡಿದ್ದು ಇಷ್ಟೇ: ಗಾಡಿ ತೊಳೆದೆ, ಶೆಡ್ಡಿಗೆ ಹಾಕಿದೆ, ಬೀಗ ತಿರುಗಿಸಿ ಬಂದೆ. ಸೆಪ್ಟೆಂಬರಿನಲ್ಲಿ ಮಳೆ ಬಿಡುವು ಕೊಟ್ಟಾಗ ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಉರಿಯಲಿಲ್ಲ. ಮಲ್ಪೆಯಲ್ಲಿ ಬೋಟುಗಳ ವೈರಿಂಗ್ ಮಾಡುವ ಹಿರಿಯರೊಬ್ಬರು ಪರಿಚಯದವರು, ಅವರನ್ನು ಕರೆತಂದೆ. ಮೀಟರ್ ಹಿಡಿದು ನೋಡಿದ ಅವರು, "ಇದು ದುಡಿದು ಸತ್ತದ್ದಲ್ಲ ಮಾರಾಯ್ರೆ, ಉಪವಾಸ ಬಿದ್ದು ಸತ್ತದ್ದು" ಎಂದರು. ನಿಷೇಧದ ಎರಡು ತಿಂಗಳಲ್ಲಿ ಬೋಟಿನ ಬ್ಯಾಟರಿಗಳನ್ನು ಬಿಚ್ಚಿ ದಡಕ್ಕೆ ತಂದು ಚಾರ್ಜಿಗೆ ಇಡುವ ಅಭ್ಯಾಸ ಅವರದು. ನನ್ನ ಪಾಠ ಅಲ್ಲಿಂದ ಶುರುವಾಯಿತು.

ಅವರು ಮೊದಲು ತೋರಿಸಿಕೊಟ್ಟದ್ದು, ಎಲ್ಲವನ್ನೂ ಆಫ್ ಮಾಡಿದ ಗಾಡಿಯೂ ಕರೆಂಟು ಕುಡಿಯುತ್ತಲೇ ಇರುತ್ತದೆ ಎಂಬುದನ್ನು. ಬೇರೊಂದು ಬ್ಯಾಟರಿ ಇಟ್ಟು, ನೆಗೆಟಿವ್ ವೈರನ್ನು ಬಿಚ್ಚಿ, ಆ ವೈರು ಮತ್ತು ಟರ್ಮಿನಲ್ ನಡುವೆ ಮಲ್ಟಿಮೀಟರನ್ನು ಆಂಪಿಯರಿಗೆ ತಿರುಗಿಸಿ ಜೋಡಿಸಿದೆವು. ಬಾಗಿಲು ಮುಚ್ಚಿ ಅರ್ಧ ಗಂಟೆ ಕಾದ ಬಳಿಕ, ಅಂದರೆ ಗಾಡಿಯ ಎಲೆಕ್ಟ್ರಾನಿಕ್ ಭಾಗಗಳು ನಿದ್ದೆಗೆ ಜಾರಿದ ಮೇಲೂ, ಮೀಟರಿನಲ್ಲಿ 34 ಮಿಲಿಆಂಪಿಯರ್ ನಿಂತಿತ್ತು. ಮ್ಯೂಸಿಕ್ ಸಿಸ್ಟಮಿನ ಗಡಿಯಾರ, ಸೆಂಟ್ರಲ್ ಲಾಕ್, ಜಿಪಿಎಸ್ ಪೆಟ್ಟಿಗೆ ಎಲ್ಲ ಸೇರಿ ಅಷ್ಟು. ಕೇಳಲು ಏನೂ ಅಲ್ಲವೆನ್ನಿಸುವ ಅಂಕಿ. ಆದರೆ ದಿನಕ್ಕೆ 24 ಗಂಟೆಯಂತೆ ಲೆಕ್ಕ ಹಾಕಿದರೆ ಅದು 0.8 ಆಂಪಿಯರ್-ಅವರ್, 110 ದಿನಕ್ಕೆ ಸುಮಾರು 90. ನನ್ನ ಬ್ಯಾಟರಿಯಲ್ಲಿ ಇದ್ದದ್ದೇ 80. (ಈ ಪರೀಕ್ಷೆ ಮಾಡುವವರು ಮೀಟರ್ ಜೋಡಿಸಿಟ್ಟ ಹಾಗೆಯೇ ಸೆಲ್ಫ್ ಹೊಡೆಯಬಾರದು; ಆ ಕರೆಂಟು ನೂರಾರು ಆಂಪಿಯರ್, ಮೀಟರಿನ ಫ್ಯೂಸು ತಕ್ಷಣ ಹೋಗುತ್ತದೆ.) ಒಳಗಿನ ಬ್ಯಾಟರಿಯ ಕತೆ ಇದಕ್ಕಿಂತ ಬೇಗ ಮುಗಿದಿತ್ತು. ಏನನ್ನೂ ಸಿಕ್ಕಿಸಿಲ್ಲವಲ್ಲ ಎಂದು ಇನ್ವರ್ಟರನ್ನು ಆನ್ ಆಗಿಯೇ ಬಿಟ್ಟಿದ್ದೆ. ಸುಮ್ಮನೆ ಕೂತ ಇನ್ವರ್ಟರೇ 0.6 ಆಂಪಿಯರ್ ಎಳೆಯುತ್ತಿತ್ತು, ಎಂದರೆ ದಿನಕ್ಕೆ 14 ಆಂಪಿಯರ್-ಅವರಿಗೂ ಹೆಚ್ಚು. ಹತ್ತೇ ದಿನದಲ್ಲಿ 150 ಖಾಲಿ. ಗಾಡಿಯ ತಲೆಯ ಮೇಲೆ ಸೋಲಾರ್ ಪ್ಯಾನೆಲ್ ಇದೆಯೆಂಬ ಧೈರ್ಯ ನನ್ನದಾಗಿತ್ತು. ಶೀಟಿನ ಅಡಿಯಲ್ಲಿ ನಿಂತ ಪ್ಯಾನೆಲಿಗೆ ಬಿಸಿಲೆಲ್ಲಿಂದ ಬರಬೇಕು?

ಖಾಲಿಯಾದದ್ದಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಖಾಲಿಯಾಗಿಯೇ ತಿಂಗಳುಗಟ್ಟಲೆ ಬಿದ್ದುಕೊಂಡದ್ದು. ಬ್ಯಾಟರಿ ಇಳಿಯುವಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಕರಗುತ್ತದೆ; ಇದು ಅದರ ನಿತ್ಯದ ಉಸಿರಾಟ. ಚಾರ್ಜ್ ಸಿಗದೆ ಹಾಗೆಯೇ ಉಳಿದರೆ ಆ ಸಣ್ಣ ಹರಳುಗಳು ಬೆಳೆದು ಗಟ್ಟಿಯಾಗುತ್ತವೆ, ಬಳಿಕ ಎಷ್ಟು ಚಾರ್ಜ್ ಕೊಟ್ಟರೂ ಜಗ್ಗುವುದಿಲ್ಲ. ಟ್ಯೂಬ್ಯುಲರ್ ಬ್ಯಾಟರಿಯನ್ನು 10 ಆಂಪಿಯರಿನಲ್ಲಿ ಮೂರು ದಿನ ನಿಧಾನವಾಗಿ ಚಾರ್ಜ್ ಮಾಡಿ ಹೈಡ್ರೋಮೀಟರಿನಿಂದ ಗ್ರ್ಯಾವಿಟಿ, ಅಂದರೆ ಆಸಿಡ್ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದನ್ನು ನೋಡಿದೆವು. ರಬ್ಬರಿನ ಬುರುಡೆಯನ್ನು ಒತ್ತಿ ಬಿಟ್ಟಾಗ ಗಾಜಿನ ಕೊಳವೆಯೊಳಗೆ ಆಸಿಡ್ ಏರುತ್ತದೆ, ಅದರಲ್ಲಿ ಪುಟ್ಟ ತೇಲು ಎದ್ದು ನಿಲ್ಲುತ್ತದೆ. ಐದು ಸೆಲ್ಲುಗಳಲ್ಲಿ ಅದು 1.230ರ ಆಸುಪಾಸಿನಲ್ಲಿ ನಿಂತಿತು. ಮೂರನೆಯ ಸೆಲ್ಲಿನಲ್ಲಿ ತೇಲು ಮೇಲೇಳಲೇ ಇಲ್ಲ. ಕೆಂಪು ಗುರುತಿನಲ್ಲಿ, 1.140ರಲ್ಲಿ ಕೂತುಬಿಟ್ಟಿತು. ಆರರಲ್ಲಿ ಒಂದು ಹೋದರೆ ಉಳಿದ ಐದು ಇದ್ದೂ ಪ್ರಯೋಜನವಿಲ್ಲ. ಎರಡು ವರ್ಷವೂ ತುಂಬದ ಬ್ಯಾಟರಿ ಹಳೆಯ ಸೀಸದ ಬೆಲೆಗೆ ಹೋಯಿತು. ಎಂಜಿನ್ನಿನ ಬ್ಯಾಟರಿಯೂ ಅದರ ಹಿಂದೆಯೇ ಹೋಯಿತು.

ಆ ವರ್ಷ ಓದಿದ ಸಲಹೆಗಳಲ್ಲಿ ಹೆಚ್ಚಿನವು ಹಿಮ ಬೀಳುವ ದೇಶಗಳಿಗಾಗಿ ಬರೆದವು. ಅಲ್ಲಿಯವರಿಗೆ ಬ್ಯಾಟರಿಯೊಳಗಿನ ದ್ರವ ಹೆಪ್ಪುಗಟ್ಟಿ ಡಬ್ಬಿ ಒಡೆಯುವ ಭಯ. ಪೂರ್ತಿ ಚಾರ್ಜ್ ಇರುವ ಆಸಿಡ್ ಮೈನಸ್ 50 ಡಿಗ್ರಿಯ ಚಳಿಯಲ್ಲೂ ಹೆಪ್ಪುಗಟ್ಟುವುದಿಲ್ಲ, ಇಳಿದ ಬ್ಯಾಟರಿಯಲ್ಲಿ ಇರುವುದು ಬಹುಪಾಲು ನೀರಾದ್ದರಿಂದ ಅದು ಬೇಗ ಗಟ್ಟಿಯಾಗುತ್ತದೆ. ಹಾಗಾಗಿ ಅವರು ತುಂಬಿಸಿಡಿ ಎನ್ನುತ್ತಾರೆ. ನಮಗೂ ತುಂಬಿಸಿಡುವುದೇ ಸರಿ, ಆದರೆ ಕಾರಣ ಬೇರೆ, ಅದಕ್ಕಿಂತ ಮುಖ್ಯವಾಗಿ ಅವಧಿ ಬೇರೆ. ಯಾವ ವೈರಿಗೂ ಜೋಡಿಸದ ಬ್ಯಾಟರಿಯೂ ತನ್ನಷ್ಟಕ್ಕೆ ಇಳಿಯುತ್ತದೆ, ಮತ್ತು ಆ ವೇಗ ಪ್ರತಿ 10 ಡಿಗ್ರಿ ಸೆಖೆಗೆ ಸುಮಾರು ಎರಡು ಪಟ್ಟಾಗುತ್ತದೆ. ಹಿಮದಲ್ಲಿ ನಿಂತ ಬ್ಯಾಟರಿ ಒಂದೇ ಚಾರ್ಜಿನಲ್ಲಿ ತಿಂಗಳುಗಟ್ಟಲೆ ತಾಳಬಹುದು. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲೂ 25 ಡಿಗ್ರಿಗಿಂತ ಹೆಚ್ಚೇನೂ ಇಳಿಯದ ನಮ್ಮ ಶೆಡ್ಡಿನಲ್ಲಿ ಅದು ತಾಳುವುದಿಲ್ಲ. ಅವರ ವೇಳಾಪಟ್ಟಿಯನ್ನು ನಾವು ಹಾಗೆಯೇ ಎತ್ತಿಕೊಂಡರೆ ಬ್ಯಾಟರಿ ಕೈಬಿಡುತ್ತದೆ.

ಎರಡನೆಯ ವರ್ಷ ಹಸಿವಿನ ಭಯದಿಂದ ಅತಿಯಾಗಿ ಉಣ್ಣಿಸಿದೆ. ಗ್ಯಾರೇಜೊಂದರಿಂದ ಎರವಲು ತಂದ ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರಿಗೆ ಹೊಸ ಬ್ಯಾಟರಿಯನ್ನು ಸಿಕ್ಕಿಸಿ ಎಂಟು ದಿನ ಅತ್ತ ತಿರುಗಿ ನೋಡಲಿಲ್ಲ. ಅದಕ್ಕೆ ತಾನಾಗಿ ನಿಲ್ಲುವ ವ್ಯವಸ್ಥೆ ಇರಲಿಲ್ಲ. ಶೆಡ್ಡಿನ ಬಾಗಿಲು ತೆಗೆದಾಗ ಮೂಗಿಗೆ ಹುಳಿ ವಾಸನೆ ಬಡಿಯಿತು, ಡಬ್ಬಿ ಮುಟ್ಟಿದರೆ ಬಿಸಿ, ಮೀಟರಿನಲ್ಲಿ 15.1 ವೋಲ್ಟ್. ಮುಚ್ಚಳ ಬಿಚ್ಚಿದರೆ ನೀರು ಪ್ಲೇಟುಗಳ ಮಟ್ಟದಿಂದ ಕೆಳಗಿಳಿದಿತ್ತು. ಹೀಗೆ ಕುದಿಯುವಾಗ ಹೊರಬರುವುದು ಹೈಡ್ರೋಜನ್ ಅನಿಲ. ಮುಚ್ಚಿದ ಶೆಡ್ಡಿನಲ್ಲಿ ಒಂದು ಕಿಡಿ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಗಾಳಿಗೆ ತೆರೆದುಕೊಂಡ ಪ್ಲೇಟಿನ ಭಾಗ ಮತ್ತೆ ಮೊದಲಿನಂತಾಗಲಿಲ್ಲ.

ಮೂರನೆಯ ಮಳೆಗಾಲದಿಂದ ನಾನು ಅನುಸರಿಸುತ್ತಿರುವ ಕ್ರಮ ಈಗ ಗಟ್ಟಿಯಾಗಿದೆ. ಮೇ ಕೊನೆಯಲ್ಲಿ ಗಾಡಿ ನಿಲ್ಲಿಸುವ ಮೊದಲು ಬ್ಯಾಟರಿಯನ್ನು ಮೂರು ಹಂತದ ಸ್ಮಾರ್ಟ್ ಚಾರ್ಜರಿನಿಂದ ಪೂರ್ತಿ ತುಂಬಿಸುತ್ತೇನೆ. 14.4 ವೋಲ್ಟಿನಲ್ಲಿ ಕರೆಂಟು ಇಳಿಯುತ್ತ ಬಂದು, ಕೊನೆಗೆ 13.5ರ ಆಸುಪಾಸಿಗೆ ಚಾರ್ಜರ್ ತಾನೇ ಇಳಿದು ನಿಲ್ಲಬೇಕು. ನಂತರ ಬಿಚ್ಚಿ, ಒಂದು ರಾತ್ರಿ ಸುಮ್ಮನೆ ಬಿಟ್ಟು ಬೆಳಿಗ್ಗೆ ವೋಲ್ಟೇಜ್ ನೋಡುತ್ತೇನೆ, ಏಕೆಂದರೆ ಚಾರ್ಜಿನಿಂದ ಆಗಷ್ಟೇ ತೆಗೆದ ಬ್ಯಾಟರಿ ಇಲ್ಲದ ಬಲವನ್ನು ತೋರಿಸುತ್ತದೆ. 12.6ರಿಂದ 12.7 ಇದ್ದರೆ ತುಂಬಿದೆ ಎಂದರ್ಥ, 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ. ನೀರು ಹಾಕುವುದು ಚಾರ್ಜ್ ಮುಗಿದ ಮೇಲೆಯೇ. ಮೊದಲೇ ತುಂಬಿಸಿದರೆ ಚಾರ್ಜಿನಲ್ಲಿ ಉಬ್ಬಿ ಹೊರಚೆಲ್ಲುತ್ತದೆ. ಪ್ಲೇಟುಗಳು ಕಾಣುತ್ತಿದ್ದರೆ ಮಾತ್ರ ಅವು ಮುಳುಗುವಷ್ಟನ್ನು ಮೊದಲು ಹಾಕುತ್ತೇನೆ. ನೆರೆಮನೆಯ ಅಣ್ಣ ಒಮ್ಮೆ, "ಇಷ್ಟು ಮಳೆ ಬರುವಾಗ ನೀರು ದುಡ್ಡು ಕೊಟ್ಟು ತರುವುದಾ? ಆಕಾಶದ ನೀರಿಗಿಂತ ಶುದ್ಧ ಯಾವುದುಂಟು?" ಎಂದು ಕೇಳಿದ್ದರು. ಹಂಚಿನಿಂದ ಇಳಿದ ನೀರಿನಲ್ಲಿ ಮಣ್ಣು, ಪಾಚಿ ಇರುತ್ತವೆ, ಕಡಲ ಬದಿಯ ಗಾಳಿಯ ಉಪ್ಪೂ ಸೇರಿರುತ್ತದೆ. ಆ ಉಪ್ಪು ಪ್ಲೇಟುಗಳಿಗೆ ಶತ್ರು. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನನ್ನೂ ನಾನು ಹಾಕುವುದಿಲ್ಲ.

ಬಿಚ್ಚುವಾಗ ನೆಗೆಟಿವ್ ಮೊದಲು. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಗಾಡಿಯ ಬಾಡಿಗೆ ತಾಗಿದರೆ ಬೆಂಕಿಯ ಕಿಡಿ ಹಾರುತ್ತದೆ. ಟರ್ಮಿನಲಿನಲ್ಲಿ ಹಸಿರು-ಬಿಳಿ ಹುಡಿ ಕೂತಿದ್ದರೆ ಅಡುಗೆ ಸೋಡಾವನ್ನು ಬಿಸಿನೀರಿನಲ್ಲಿ ಕದಡಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತೇನೆ. ಚೊರ್ ಎಂದು ನೊರೆ ಎದ್ದು, ನೊರೆ ನಿಂತಾಗ ಆಸಿಡ್ ಮುಗಿಯಿತೆಂದು ತಿಳಿಯಬೇಕು. ಆ ನೀರು ಮುಚ್ಚಳದ ತೂತುಗಳಿಂದ ಒಳಗೆ ಇಳಿಯದಂತೆ ಜಾಗ್ರತೆ ಬೇಕು.

ಕರಾವಳಿಯವರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ ಇದೆ. ಜುಲೈಯ ಒಂದು ಸಂಜೆ ಮೀಟರಿನ ಕೆಂಪು ಕಡ್ಡಿಯನ್ನು ಪಾಸಿಟಿವ್ ಟರ್ಮಿನಲಿಗೂ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಪ್ಲಾಸ್ಟಿಕ್ ತಲೆಗೂ ಮುಟ್ಟಿಸಿ ನೋಡಿದೆ. ಸೊನ್ನೆ ಇರಬೇಕಾದಲ್ಲಿ ಎರಡು ವೋಲ್ಟಿನ ಹತ್ತಿರ ತೋರಿಸಿತು. ತಲೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಆಸಿಡಿನ ಪದರ, ಅದರ ಮೇಲೆ ಮಳೆಗಾಲದ ತೇವ, ಧೂಳು. ಮೂರೂ ಸೇರಿ ಒಂದು ಟರ್ಮಿನಲಿನಿಂದ ಇನ್ನೊಂದಕ್ಕೆ ಕರೆಂಟು ಹರಿಯುವ ದಾರಿಯಾಗಿತ್ತು. ಸೋಡಾ ನೀರಿನ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿದ ಮೇಲೆ ಸೊನ್ನೆಗೆ ಇಳಿಯಿತು. ನೆಲದ ಮೇಲಿಟ್ಟ ಬ್ಯಾಟರಿಯ ಚಾರ್ಜನ್ನು ಸಿಮೆಂಟು ಎಳೆದುಕೊಳ್ಳುತ್ತದೆ ಎನ್ನುವವರಿದ್ದಾರೆ. ಈಗಿನ ಪ್ಲಾಸ್ಟಿಕ್ ಡಬ್ಬಿಗಳಿಗೆ ಆ ಮಾತು ಅನ್ವಯಿಸುವುದಿಲ್ಲ. ಆದರೂ ನಾನು ಹಲಸಿನ ಹಲಗೆಯ ಮೇಲೆ ಇಡುತ್ತೇನೆ, ಏಕೆಂದರೆ ಆಟಿಯಲ್ಲಿ ನಮ್ಮ ನೆಲ ಬೆವರುತ್ತದೆ.

ಚಾರ್ಜರನ್ನು ನಾಲ್ಕು ತಿಂಗಳೂ ಸಿಕ್ಕಿಸಿಯೇ ಇಡುವ ಪದ್ಧತಿಯನ್ನು ನಾನು ಬಿಟ್ಟಿದ್ದೇನೆ. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುವುದು, ಬರುವುದು ಇಲ್ಲಿ ದಿನನಿತ್ಯದ ಮಾತು; ನನ್ನ ಚಾರ್ಜರ್ ಕರೆಂಟು ಮರಳಿದಾಗ ಗುಂಡಿ ಒತ್ತುವವರೆಗೆ ಎಚ್ಚರವಾಗುವುದೇ ಇಲ್ಲ. ಸಿಡಿಲಿನ ಭಯ ಬೇರೆ. ಅದಕ್ಕೆ ಬದಲಾಗಿ ಸಂಕ್ರಮಣದ ದಿನಗಳನ್ನು ಹಿಡಿದುಕೊಂಡೆ: ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳ ನಡುವೆ ಒಂದೊಂದು ದಿನ, ಮರೆಯುವ ಪ್ರಶ್ನೆಯೇ ಇಲ್ಲ. ಅಂದು ವೋಲ್ಟೇಜ್ ನೋಡಿ, ಪುಸ್ತಕದಲ್ಲಿ ಬರೆದು, 12.5ಕ್ಕಿಂತ ಕಡಿಮೆ ಇದ್ದರೆ ರಾತ್ರಿಯಿಡೀ, ಹೆಚ್ಚಿದ್ದರೆ ನಾಲ್ಕಾರು ಗಂಟೆ, ಕಿಟಕಿ ತೆರೆದು ಚಾರ್ಜ್ ಕೊಡುತ್ತೇನೆ. ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಸಾಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬ್ಯಾಟರಿಯ ಕೊನೆಯ ಕಾಲುಭಾಗ ತುಂಬಲು ಗಂಟೆಗಟ್ಟಲೆ ಬೇಕು, ನಿಂತಲ್ಲೇ ಓಡಿದ ಎಂಜಿನ್ ಅದನ್ನು ಕೊಡಲಾರದು.

ಒಳಗಿನ ಬ್ಯಾಟರಿಯನ್ನು ಮಾತ್ರ ನಾಲ್ಕನೆಯ ವರ್ಷ ಬದಲಾಯಿಸಿ 100 ಆಂಪಿಯರ್-ಅವರಿನ ಲೀಥಿಯಂ ಐರನ್ ಫಾಸ್ಫೇಟ್ ಹಾಕಿದೆ. ಇದರ ಗುಣ ಪೂರ್ತಿ ಉಲ್ಟಾ. ಸೀಸದ ಬ್ಯಾಟರಿ ತುಂಬಿಕೊಂಡಿರಲು ಬಯಸಿದರೆ ಇದು ಅರ್ಧ ಹೊಟ್ಟೆಯಲ್ಲಿ ಸುಖವಾಗಿರುತ್ತದೆ; ತುಂಬಿಸಿ ಸೆಖೆಯಲ್ಲಿ ಇಟ್ಟರೆ ಬೇಗ ಮುಪ್ಪಾಗುತ್ತದೆ. ಮೇ ಕೊನೆಯಲ್ಲಿ ಫ್ಯಾನು, ಫ್ರಿಜ್ಜು ಓಡಿಸಿ 50ರಿಂದ 60 ಶೇಕಡಾಕ್ಕೆ ಇಳಿಸಿ, ಬ್ಯಾಟರಿಯನ್ನು ವೈರಿಂಗಿನಿಂದ ಬೇರ್ಪಡಿಸುವ ಐಸೊಲೇಟರ್ ಸ್ವಿಚ್ ತಿರುಗಿಸಿ, ಸೋಲಾರಿನ ಫ್ಯೂಸನ್ನೂ ತೆಗೆಯುತ್ತೇನೆ. ಇದರ ವೋಲ್ಟೇಜ್ ಬಹುಪಾಲು ಹೊತ್ತು ಒಂದೇ ಮಟ್ಟದಲ್ಲಿ ಇರುವುದರಿಂದ ಮಲ್ಟಿಮೀಟರ್ ನಂಬಿ ಲೆಕ್ಕ ಹಾಕಲಾಗದು, ಒಳಹೋದ ಮತ್ತು ಹೊರಬಂದ ಆಂಪಿಯರುಗಳನ್ನು ಎಣಿಸುವ ಬ್ಯಾಟರಿ ಮಾನಿಟರ್ ಬೇಕೇ ಬೇಕು. ಸೀಸದ ಬ್ಯಾಟರಿಯ ಚಾರ್ಜರನ್ನು, ಅದರಲ್ಲೂ ಸಲ್ಫೇಟ್ ಕರಗಿಸುವ ಮೋಡ್ ಇರುವುದನ್ನು, ಇದಕ್ಕೆ ಜೋಡಿಸುವಂತಿಲ್ಲ. ಸಂಕ್ರಮಣದಂದು ಇದಕ್ಕೆ ನನ್ನ ಕೆಲಸ ಸ್ವಿಚ್ ಆಫ್ ಆಗಿಯೇ ಇದೆಯೇ, ಇಲಿ ವೈರು ಕಚ್ಚಿದೆಯೇ ಎಂದು ಟಾರ್ಚು ಹಾಕಿ ನೋಡುವುದಷ್ಟೆ.

ನವರಾತ್ರಿ ಕಳೆದು ಮಳೆ ದೂರವಾದ ಮೇಲೆ ಮರುಜೋಡಣೆ. ಈಗ ಕ್ರಮ ತಿರುಗುಮುರುಗು: ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ, ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರುತ್ತೇನೆ. ಕಳೆದ ಬಾರಿ ಪುಸ್ತಕದಲ್ಲಿ ಕೊನೆಗೆ ಬರೆದ ಅಂಕಿ ಎಂಜಿನ್ ಬ್ಯಾಟರಿಗೆ 12.66, ಲೀಥಿಯಂಗೆ 49 ಶೇಕಡಾ. ಮೊದಲ ಸೆಲ್ಫಿಗೇ ಎಂಜಿನ್ ಎದ್ದಿತು. ಮ್ಯೂಸಿಕ್ ಸಿಸ್ಟಮಿನ ಗಡಿಯಾರವನ್ನು ಸರಿಪಡಿಸಿ, ಅದೇ ಶನಿವಾರ ಸೋಮೇಶ್ವರದ ದಾರಿಯಾಗಿ ಆಗುಂಬೆ ಘಾಟಿ ಹತ್ತಿದೆವು.