ಬೆರಳಿಗೆ ಕನ್ನಡ: ಬ್ರೈಲ್ ಡಿಸ್‌ಪ್ಲೇ ಹೊಂದಿಸುವ ಬಗೆ

ಪರದೆಯ ಬರಹವನ್ನು ಚುಕ್ಕೆಗಳಾಗಿ ಎಬ್ಬಿಸಿ ಬೆರಳಿಗೆ ಮುಟ್ಟಿಸುವ ಬ್ರೈಲ್ ಡಿಸ್‌ಪ್ಲೇ ಕೈಗೆ ಬಂದ ದಿನ ಅನೇಕರು ಮಾಡುವ ಮೊದಲ ಕೆಲಸ ಕಂಪ್ಯೂಟರಿನ ಬಾಯಿ ಮುಚ್ಚಿಸುವುದು. ವರ್ಷಗಟ್ಟಲೆ ಅದರ ವಟವಟ ಕೇಳಿದವರ ಆತುರ ಅರ್ಥವಾಗುವಂಥದ್ದೇ. ಆದರೆ ಚುಕ್ಕೆಗಳು ಸರಿಹೊಂದುವ ಮೊದಲೇ ಧ್ವನಿ ನಿಲ್ಲಿಸಿದರೆ ಕಿವಿಗೂ ಇಲ್ಲ, ಬೆರಳಿಗೂ ಇಲ್ಲ. ಧ್ವನಿಯ ಸರದಿ ಕೊನೆಗಿರಲಿ.

ಇಲ್ಲಿ ಹೇಳುತ್ತಿರುವುದು ವಿಂಡೋಸ್ ಕಂಪ್ಯೂಟರ್, ಉಚಿತವಾಗಿ ಸಿಗುವ ಎನ್‌ವಿಡಿಎ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಮತ್ತು ಆರ್ಬಿಟ್ ರೀಡರ್ 20ರಂತಹ 20 ಕೋಶಗಳ ಸಾಧನದ ಬಗ್ಗೆ. ಕೋಶ ಎಂದರೆ ಒಂದು ಬ್ರೈಲ್ ಗುರುತಿನ ಚುಕ್ಕೆಗಳು ಏಳುವ ಜಾಗ. ಎನ್‌ವಿಡಿಎ ಕೀ ಎಂದರೆ ಸಾಮಾನ್ಯವಾಗಿ ಇನ್ಸರ್ಟ್.

ಮೊದಲು ಯುಎಸ್‌ಬಿ ತಂತಿಯಿಂದ ಜೋಡಿಸಿ. ಬ್ಲೂಟೂತ್ ಆಮೇಲೆ ನೋಡಿಕೊಳ್ಳಬಹುದು. ಎನ್‌ವಿಡಿಎ, ಕಂಟ್ರೋಲ್, ಎ ಒಟ್ಟಿಗೆ ಒತ್ತಿದರೆ ಸಾಧನಗಳ ಪಟ್ಟಿ ತೆರೆಯುತ್ತದೆ. ‘ಆಟೊಮ್ಯಾಟಿಕ್’ ಆರಿಸಿ. ಚುಕ್ಕೆಗಳು ಏಳದಿದ್ದರೆ ಮಾತ್ರ ಪಟ್ಟಿಯಲ್ಲಿ ಹುಡುಕುವ ಗೋಜು.

ಓದುವ ರೂಪ

ಎನ್‌ವಿಡಿಎ ಮತ್ತು ಎನ್ ಒತ್ತಿ, ಪ್ರಿಫರೆನ್ಸಸ್, ಸೆಟ್ಟಿಂಗ್ಸ್, ಬ್ರೈಲ್ ಎಂದು ಹೋಗಿ. ಅಕ್ಷರವನ್ನು ಯಾವ ಚುಕ್ಕೆಗಳಾಗಿ ತೋರಿಸಬೇಕೆಂದು ಹೇಳುವ ‘ಔಟ್‌ಪುಟ್ ಟೇಬಲ್’ನಲ್ಲಿ ‘ಕನ್ನಡ ಗ್ರೇಡ್ 1’ (ಸಂಕ್ಷೇಪಗಳಿಲ್ಲದ ಬ್ರೈಲ್) ಆರಿಸಿ. ಅಲ್ಲಿ ಇಂಗ್ಲಿಷ್ ಇದ್ದರೆ ಕನ್ನಡ ಪತ್ರಿಕೆ ಅರ್ಥವಿಲ್ಲದ ಸಂಕೇತಗಳ ಸಾಲಾಗಿ ಬರುತ್ತದೆ. ಸಾಧನವೇ ಕೆಟ್ಟಿದೆ ಎಂದು ವಾಪಸು ಕಳಿಸಲು ಹೊರಡಬೇಡಿ.

ಪರೀಕ್ಷೆಗೆ ನೋಟ್‌ಪ್ಯಾಡಿನಲ್ಲಿ ‘ಕನ್ನಡ’ ಎಂದು ಬರೆದು ಬೆರಳಾಡಿಸಿ. ಐದು ಕೋಶ ಸಿಗಬೇಕು (ಅಂಕಿಗಳು ಕೋಶದಲ್ಲಿ ಏಳುವ ಚುಕ್ಕೆಗಳ ಸಂಖ್ಯೆ): ಕ (1-3), ಒಂಟಿ ಚುಕ್ಕೆ 4, ನ (1-3-4-5), ಮತ್ತೆ ನ, ಕೊನೆಗೆ ಡ (1-2-4-6). ಆ ಒಂಟಿ ಚುಕ್ಕೆಯೇ ಹಲಂತ, ಅಂದರೆ ವ್ಯಂಜನದಲ್ಲಿ ಸ್ವರವಿಲ್ಲ ಎಂಬ ಗುರುತು. ಕಣ್ಣಿಗೆ ಒತ್ತು ಅಕ್ಷರದ ಕೆಳಗೆ ಕಾಣುತ್ತದೆ. ಬೆರಳಿಗೆ ಮಾತ್ರ ಹಲಂತ ಮುಂಚೆಯೇ ತಗಲುತ್ತದೆ, ವ್ಯಂಜನ ಆಮೇಲೆ ಬರುತ್ತದೆ.

ಬ್ರೈಲ್ ಸೆಟ್ಟಿಂಗ್ಸ್‌ನ ಅದೇ ಪುಟದಲ್ಲಿ ಇನ್ನೂ ಮೂರು ಆಯ್ಕೆಗಳಿವೆ. ಕರ್ಸರ್ ಇರುವ ಪದವನ್ನು ಕಂಪ್ಯೂಟರ್ ಬ್ರೈಲ್‌ಗೆ (ಕಂಪ್ಯೂಟರಿನ ಪ್ರತಿ ಅಕ್ಷರಕ್ಕೊಂದು ಸಂಕೇತವಿರುವ ಬ್ರೈಲ್) ಬಿಡಿಸುವ ಆಯ್ಕೆಯನ್ನು ತೆಗೆಯಿರಿ, ಇಲ್ಲದಿದ್ದರೆ ಆ ಪದವೊಂದು ಮಾತ್ರ ಕನ್ನಡದ ನಿಯಮ ಬಿಟ್ಟು ಓಡುತ್ತದೆ. ಕರ್ಸರ್ ಮಿನುಗುವುದನ್ನೂ ನಿಲ್ಲಿಸಿ. ಓದುವ ಬೆರಳಿನ ಕೆಳಗೆ 7 ಮತ್ತು 8ನೇ ಚುಕ್ಕೆಗಳು ಎದ್ದು ಬಿದ್ದು ಮಾಡುತ್ತಿದ್ದರೆ ಮನಸ್ಸು ಓದಿನಲ್ಲಿ ನಿಲ್ಲುವುದಿಲ್ಲ. ಪದ ತುಂಡಾಗದಂತೆ ತಡೆಯುವ ಆಯ್ಕೆ ಇಂಗ್ಲಿಷ್‌ಗೆ ಒಳ್ಳೆಯದು. ಕನ್ನಡಕ್ಕೆ ನಾನದನ್ನು ಒಪ್ಪುವುದಿಲ್ಲ. ‘ಮಾಡಿಕೊಳ್ಳಬೇಕಾಗಿತ್ತು’ ಎಂಬ ಒಂದೇ ಪದ 19 ಕೋಶ ನುಂಗುತ್ತದೆ! ಅದರ ಹಿಂದೆ ‘ಆಗ’ ಎಂಬ ಪುಟ್ಟ ಪದವಿದ್ದರೂ ಸಾಲಿನ ಉಳಿದ ಭಾಗ ಬರಿದಾಗಿ, ನೀವು ಮುಂದಿನ ಸಾಲಿಗೆ ಗುಂಡಿ ಒತ್ತಬೇಕಾಗುತ್ತದೆ.

ಬರೆಯುವ ಕೀಲಿ

‘ಇನ್‌ಪುಟ್ ಟೇಬಲ್’ ಬೇರೆಯೇ ಇದೆ. ಓದಲು ಕನ್ನಡ ಇಟ್ಟ ಮಾತ್ರಕ್ಕೆ ಬರೆಯಲು ಕನ್ನಡ ಬರುವುದಿಲ್ಲ; ಇಲ್ಲಿಯೂ ‘ಕನ್ನಡ ಗ್ರೇಡ್ 1’ ಆರಿಸಬೇಕು. ಸಾಧನದ 7ನೇ ಕೀಲಿ ಕೊನೆಯ ಕೋಶವನ್ನು ಅಳಿಸುತ್ತದೆ, 8ನೆಯದು ಎಂಟರ್.

ಇಂಗ್ಲಿಷ್ ಬ್ರೈಲ್‌ನಲ್ಲಿ ಪಳಗಿದ ಕೈಗೆ ಇಲ್ಲೊಂದು ಗುಂಡಿ ತೋಡಿಟ್ಟಿದೆ. ಇಂಗ್ಲಿಷಿನ ‘ಇ’ (e) ಅಕ್ಷರದ 1-5 ಚುಕ್ಕೆಗಳು ಕನ್ನಡದಲ್ಲಿ ದೀರ್ಘ ಏ. ಹ್ರಸ್ವ ಎ ಬೇಕೆಂದರೆ 2-6. ಅಭ್ಯಾಸಬಲದಿಂದ ಒತ್ತಿದರೆ ‘ಎಲೆ’ ಹೋಗಿ ‘ಏಲೇ’ ಆಗುತ್ತದೆ. ಒ ಮತ್ತು ಓ ಕಥೆಯೂ ಇದೇ: 1-3-4-6 ಹ್ರಸ್ವ, 1-3-5 ದೀರ್ಘ.

ಪಾಸ್‌ವರ್ಡ್, ಇಮೇಲ್ ವಿಳಾಸಕ್ಕೆ ಇಂಗ್ಲಿಷ್ ಟೇಬಲ್ ಬೇಕು. ಪ್ರತಿ ಸಲ ಬದಲಿಸುವ ಬದಲು ಎನ್‌ವಿಡಿಎ, ಕಂಟ್ರೋಲ್, ಪಿ ಒತ್ತಿ ಇಂಗ್ಲಿಷ್‌ಗೆಂದು ಒಂದು ಪ್ರೊಫೈಲ್ (ಬೇಕಾದಾಗ ಬದಲಿಸಬಹುದಾದ ಸೆಟ್ಟಿಂಗ್‌ಗಳ ಗುಂಪು) ಮಾಡಿಟ್ಟುಕೊಳ್ಳಿ.

ಕೊನೆಗೆ ಧ್ವನಿ

ಎನ್‌ವಿಡಿಎ ಜೊತೆ 2 ಒತ್ತಿ, ಬರೆದ ಪ್ರತಿ ಅಕ್ಷರವನ್ನು ಉಲಿಯುವುದನ್ನು ನಿಲ್ಲಿಸಬಹುದು; ಪದಗಳನ್ನೂ ಉಲಿಯುತ್ತಿದ್ದರೆ 3 ಒತ್ತಿ ಅದನ್ನೂ ನಿಲ್ಲಿಸಬಹುದು. ಅನೇಕರಿಗೆ ಇಷ್ಟೇ ಸಾಕು. ಪೂರ್ತಿ ಮೌನ ಬೇಕೆನ್ನುವವರು ಎನ್‌ವಿಡಿಎ ಮತ್ತು ಎಸ್ ಒತ್ತುತ್ತಾ ಹೋದರೆ ಮಾತು, ಮೌನ, ಬೀಪ್ ಎಲ್ಲವೂ ಸುತ್ತಿ ಬರುತ್ತವೆ. ನನ್ನ ಓಟು ಅದೇ ಸುತ್ತಿನಲ್ಲಿ ಬರುವ ‘ಆನ್ ಡಿಮ್ಯಾಂಡ್’ಗೆ (ಕೇಳಿದಾಗ ಮಾತ್ರ ಮಾತು). ತಾನಾಗಿ ಬಾಯಿ ಬಿಡುವುದಿಲ್ಲ. ಎನ್‌ವಿಡಿಎ ಮತ್ತು ಟಿ ಒತ್ತಿ ಕಿಟಕಿಯ ಶೀರ್ಷಿಕೆ ಕೇಳಿದರೆ ಹೇಳಿ ಸುಮ್ಮನಾಗುತ್ತದೆ. ಸಭೆಯಲ್ಲಿ, ಬಸ್ಸಿನಲ್ಲಿ ಇದು ತುಂಬ ಅನುಕೂಲ.

ಎಲ್ಲ ಹೊಂದಿದ ಮೇಲೆ ಎನ್‌ವಿಡಿಎ, ಕಂಟ್ರೋಲ್, ಸಿ ಒತ್ತಿ ಉಳಿಸಿ. ಮುಂದೆ ಯಾವತ್ತಾದರೂ ಏನೋ ಒತ್ತಿ ಎಲ್ಲ ಅಸ್ತವ್ಯಸ್ತವಾದರೆ ಎನ್‌ವಿಡಿಎ, ಕಂಟ್ರೋಲ್, ಆರ್ ಒಂದು ಸಲ ಒತ್ತಿ. ಉಳಿಸಿದ್ದಷ್ಟೂ ಮರಳಿ ಬರುತ್ತದೆ. ಒಂದೇ ಸಲ. ಬೇಗಬೇಗನೆ ಮೂರು ಸಲ ಒತ್ತಿದರೆ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಹೋಗಿಬಿಡುತ್ತದೆ.